ಕಂಬಳಿ ಹೊದ್ದ ಹೀಟ್ ಪಂಪ್

ಜನವರಿ 22, ಬೆಳಗಿನ 5 ಗಂಟೆ 40 ನಿಮಿಷ. ಹೊರಗೆ ಮೈನಸ್ ಎರಡು ಡಿಗ್ರಿ. ನಿವೃತ್ತ ಶಿಕ್ಷಕಿಯೊಬ್ಬರ ಮನೆಯ ಹಿತ್ತಲಲ್ಲಿ, ಊರವರೆಲ್ಲ ಬಿಸಿಯಕ್ಕ ಎಂದು ಕರೆಯುವ ಮೆಕ್ಯಾನಿಕ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮಂಡಿಯೂರಿದ್ದಾರೆ. ಎದುರಿಗಿರುವುದು ಹೋದ ತಿಂಗಳು ಅವರೇ ಕೂರಿಸಿದ, ಮನೆ ಬೆಚ್ಚಗಿಡುವ ಯಂತ್ರ, ಹೀಟ್ ಪಂಪ್. ಅದರ ಮೈತುಂಬ ಉಣ್ಣೆಯ ಕಂಬಳಿ!

ಟಾರ್ಚು ಬಾಯಿಂದ ಕೈಗೆ ಬರುತ್ತದೆ. "ಟೀಚರಮ್ಮಾ, ಇದನ್ನ ಮಲಗಿಸಿದ್ದು ಯಾರು?"

"ನಾನೇ ಕಣಮ್ಮ. ಮೈಯೆಲ್ಲ ಮಂಜು ಕಟ್ಕೊಂಡು ಗಡಗಡ ಅಂತಿತ್ತು. ನೋಡೋಕಾಗ್ಲಿಲ್ಲ."

"ಅದು ನಡುಗ್ತಿರ್ಲಿಲ್ಲ, ಮಂಜು ಕರಗಿಸ್ಕೋತಿತ್ತು. ಮೂಗು ಬಾಯಿ ಮುಚ್ಚಿ ಓಡು ಅಂದ್ರೆ ಪಾಪ, ಹೇಗೆ ಓಡುತ್ತೆ?"

ಗಾಳಿಯಾಡದೆ ಒಳಗಿನ ಕೊಳವೆಗಳ ಮೇಲೆ ಬೆರಳು ದಪ್ಪದ ಹಿಮ ಕೂತಿದೆ. ಮನೆ ಬೆಚ್ಚಗಾಗಲಿಲ್ಲವೆಂದು ಟೀಚರಮ್ಮ ಕೋಣೆಗಳ ಕೊಳವೆಗಳಲ್ಲಿ ಹರಿಯುವ ನೀರಿನ ಬಿಸಿಯನ್ನು ಐವತ್ತೈದು ಡಿಗ್ರಿಗೆ ಏರಿಸಿಬಿಟ್ಟಿದ್ದಾರೆ. ಯಂತ್ರಕ್ಕೆ ಗಾಯದ ಮೇಲೆ ಬರೆ. ಒಂಬತ್ತಕ್ಕೆ ಸರ್ಕಾರದ ತಪಾಸಕರು ಬರುತ್ತಾರೆ. ಒಂದು ಯೂನಿಟ್ ವಿದ್ಯುತ್ತಿಗೆ ಕನಿಷ್ಠ ಮೂರು ಯೂನಿಟ್ ಶಾಖ ಸಿಕ್ಕರಷ್ಟೇ ಸಹಾಯಧನ. ಸಿಗದಿದ್ದರೆ ಅರ್ಜಿ ರದ್ದು.

ಯಂತ್ರ, ಕೂಲಿ, ಕೊಳವೆ ಎಲ್ಲ ಸೇರಿ ತಗುಲಿದ್ದು ಟೀಚರಮ್ಮನ ಹತ್ತು ತಿಂಗಳ ಪಿಂಚಣಿ. ಅದರಲ್ಲಿ ನಾಲ್ಕು ತಿಂಗಳಿನಷ್ಟು ಸಹಾಯಧನದಿಂದ ಬರಬೇಕು. ಹಳೆಯ ಬಾಯ್ಲರಿನ ಎಣ್ಣೆ ಚಳಿಗಾಲಕ್ಕೆ ಎರಡು ತಿಂಗಳ ಪಿಂಚಣಿ ನುಂಗುತ್ತಿತ್ತು. ಹೀಟ್ ಪಂಪಿಗೆ ಒಂದು ತಿಂಗಳದ್ದೂ ಬೇಡ. ಆರನೆಯ ಚಳಿಗಾಲಕ್ಕೆ ಹಾಕಿದ ದುಡ್ಡು ಕೈಸೇರುತ್ತದೆ. ಸಹಾಯಧನ ತಪ್ಪಿದರೆ ಹತ್ತು ಚಳಿಗಾಲ ಕಾಯಬೇಕು.

"ಎಪ್ಪತ್ತೊಂದನೇ ವಯಸ್ಸಲ್ಲಿ ಆರು ವರ್ಷದ ಲೆಕ್ಕ ಹಾಕ್ಬಹುದು. ಹತ್ತು ವರ್ಷದ್ದು ಹಾಕೋಕೆ ಗುಂಡಿಗೆ ಬೇಕು," ಎನ್ನುತ್ತಾರೆ ಟೀಚರಮ್ಮ.

ಬಿಸಿಯಕ್ಕ ಮೊದಲು ಫ್ರಿಜ್ ರಿಪೇರಿ ಮಾಡುತ್ತಿದ್ದವರು. "ಫ್ರಿಜ್ಜು ಒಳಗಿನ ಬಿಸಿ ತೆಗೆದು ಹೊರಗೆ ಹಾಕುತ್ತೆ. ಇದು ಹೊರಗಿಂದ ಬಾಚಿ ಒಳಗೆ ತರುತ್ತೆ. ಚಳಿಗಾಳೀಲೂ ಬಿಸಿ ಇರುತ್ತಪ್ಪ, ಬಾಚೋಕೆ ಬರ್ಬೇಕು ಅಷ್ಟೆ." ಆರಂಭದಲ್ಲಿ ಬಾಗಿಲು ತೆರೆದವರೆಲ್ಲ ಅವರ ಹೆಗಲಾಚೆ ಇಣುಕಿ, "ಮೇಸ್ತ್ರಿ ಎಲ್ಲಮ್ಮ?" ಎಂದು ಕೇಳುತ್ತಿದ್ದರಂತೆ. "ಹಿಂದೆ ಬರ್ತಿದಾರೆ ಅಂತ ಹೇಳಿ ಕೆಲಸ ಮುಗಿಸಿ ಹೋಗ್ತಿದ್ದೆ. ಇವತ್ತಿಗೂ ಅವನು ಬಂದಿಲ್ಲ!" ನಗುತ್ತಲೇ ಎಡಮಂಡಿ ನೀವಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ನೆಲಕ್ಕೂರಿದ ಮಂಡಿ ಚಳಿಯಲ್ಲಿ ಮಾತು ಕೇಳುವುದಿಲ್ಲ.

ಕಂಬಳಿ ತೆಗೆದು ಯಂತ್ರ ಓಡಿಸಿದ ಮೇಲೆ ಹಿಮ ಕರಗಿ ಹಬೆಯೇಳುತ್ತದೆ. ನೀರಿನ ಬಿಸಿಯನ್ನು ಮೂವತ್ತೆಂಟಕ್ಕೆ ಇಳಿಸುತ್ತಾರೆ.

"ಇಳಿಸ್ತೀಯಲ್ಲೇ, ಮನೆ ತಣ್ಣಗಾಗಲ್ವೇ?"

"ಇದು ಓಟದ ಕುದುರೆಯಲ್ಲ ಟೀಚರಮ್ಮ, ಗಾಣದೆತ್ತು. ಬಿಸಿ ಜಾಸ್ತಿ ಕೇಳಿದಷ್ಟೂ ಕರೆಂಟ್ ಜಾಸ್ತಿ ತಿನ್ನುತ್ತೆ. ನಿಧಾನಕ್ಕೆ, ನಿಲ್ಲಿಸದೆ ಓಡಿಸ್ಬೇಕು."

ಏಳೂವರೆಗೆ ಬಿಸಿಯಕ್ಕ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಚಹಾ ಹೀರುತ್ತಾರೆ. ಊರಿಗೆಲ್ಲ ಬಿಸಿ ಹಂಚುವ ಈಕೆಯ ಮನೆಯಲ್ಲಿರುವುದು ಇನ್ನೂ ಹಳೆಯ ಎಣ್ಣೆ ಬಾಯ್ಲರು. ಮನೆ ಬಾಡಿಗೆಯದು, ಸಹಾಯಧನ ಮಾಲೀಕರಿಗೆ ಮಾತ್ರ. "ನಮ್ಮ ಓನರಪ್ಪನಿಗೂ ಒಂದಿನ ಚಳಿ ಆಗ್ಲಿ ಅಂತ ಕಾಯ್ತಿದೀನಿ. ಹಾಕ್ಸೋ ದಿನ ಕೂಲಿ ಬಿಟ್ಟುಕೊಡ್ತೀನಿ."

ಒಂಬತ್ತಕ್ಕೆ ತಪಾಸಕರು ಬರುತ್ತಾರೆ. ಮೀಟರು ಜೋಡಿಸಿ ಒಂದು ಗಂಟೆ ಕಾಯುತ್ತಾರೆ. ಟೀಚರಮ್ಮ ಮಡಚಿದ ಕಂಬಳಿಯನ್ನು ಎದೆಗವಚಿಕೊಂಡೇ ನಿಂತಿದ್ದಾರೆ. ಬಿಸಿಯಕ್ಕ ಮೀಟರಿನತ್ತ ನೋಡುವುದಿಲ್ಲ. ಫ್ಯಾನಿನ ಸದ್ದಿಗೆ ಕಿವಿಗೊಟ್ಟು ಆಗಲೇ ಸಲಕರಣೆಗಳನ್ನು ಚೀಲಕ್ಕೆ ತುಂಬುತ್ತಿದ್ದಾರೆ.

ತಪಾಸಕರು ಅಂಕಿಯನ್ನು ಓದಿ ಹೇಳುತ್ತಾರೆ: ಒಂದು ಯೂನಿಟ್ ವಿದ್ಯುತ್ತಿಗೆ 3.2 ಯೂನಿಟ್ ಶಾಖ.