ಫರಸಿ ಕಲ್ಲಿನ ಮೇಲೆ ಬಿಳಿ, ಕೆನೆಬಿಳಿ

ಶಹಾಬಾದಿನ ಸ್ಟೇಷನ್ ಹಿಂದಿನ ಓಣಿಯಲ್ಲಿ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಜೈತುನ್ಬೀ ಹೊಸ್ತಿಲ ಹೊರಗೆ ನೆಲಕ್ಕೆ ಹಾಸುವ ಫರಸಿ ಕಲ್ಲೊಂದನ್ನು ಇಟ್ಟುಕೊಂಡು ಕುಳಿತಿದ್ದಾರೆ. ಪಾಲಿಶ್ ಆಗಿರುವ, ಒಂದು ಮೂಲೆ ಒಡೆದ, ಊಟದ ತಟ್ಟೆಗಿಂತ ತುಸು ದೊಡ್ಡ ಕಲ್ಲು. ಅದರ ಮೇಲೆ ಒಂದು ಮುಷ್ಟಿ ಮಣಿ ಸುರಿಯುತ್ತಾರೆ. ಎಳ್ಳಿನಷ್ಟಿರುವವು, ಸಾಸಿವೆಯಷ್ಟಿರುವವು, ಜೋಳದಷ್ಟಿರುವವು, ಎಲ್ಲ ಬಣ್ಣದವು. ಕೋಳಿಗರಿಯಿಂದ ತೆಳ್ಳಗೆ ಹರಡಿ, ಒದ್ದೆ ಬೆರಳಿನಿಂದ ಒಂದೊಂದನ್ನೇ ಎತ್ತುತ್ತಾರೆ. ಹಳೆಯ ಲಗ್ನಪತ್ರಿಕೆ ಮಡಚಿ ಮಾಡಿದ ಕೊಳವೆಯಲ್ಲಿ ಅವು ಶೀಶೆಗೆ ಇಳಿಯುತ್ತವೆ. ಎದುರಿಗೆ ಸೊಸೆ ರಿಹಾನ ಕುಳಿತು ಅದೇ ಕೆಲಸ ಮಾಡುತ್ತಿದ್ದಾಳೆ. ಕಲ್ಲು ಒಂದೇ, ಆದರೆ ಇಬ್ಬರೂ ತಮ್ಮ ತಮ್ಮ ಕಡೆಗೆ ಅದನ್ನು ಎಳೆದುಕೊಳ್ಳುತ್ತಾರೆ.

"ಕಲ್ಲಿನ ಪಾಲಿಶ್ ಮಷಿನ್ ಚಾಲೂ ಆದ್ರ ಮುಗೀತ್ರಿ. ಧೂಳು ಕುಂತು ಕೆಂಪು, ನೀಲಿ ಎಲ್ಲಾ ಒಂದೇ ಬಣ್ಣ ಆಗ್ತಾವ," ಎನ್ನುತ್ತಾರೆ ಜೈತುನ್ಬೀ. ಮುಂಜಾನೆಯೇ ಕೂರುವುದಕ್ಕೆ ಕಾರಣ ಇಷ್ಟೆ. ಬಲ್ಬಿನ ಬೆಳಕಿನಲ್ಲಿ ಮಣಿಯ ಬಣ್ಣ ಸುಳ್ಳು ಹೇಳುತ್ತದೆ.

ಲಗ್ನದ ಬ್ಲೌಸುಗಳ ಮೇಲೆ ಮಣಿಯ ಹೂಬಳ್ಳಿ, ನವಿಲು ಹೊಲಿಸುವುದು ಈಗ ಈ ಭಾಗದಲ್ಲಿ ಬಡವರ ಮನೆಗೂ ಬಂದಿದೆ. ಊರಿನ ಅಲ್ಮಾಸ್ ಅವರ ಅಂಗಡಿ ವಾಡಿ, ರಾವೂರ, ಸೇಡಂವರೆಗಿನ ಹೆಣ್ಣುಮಕ್ಕಳಿಗೆ ಈ ಕೆಲಸ ಹಂಚುತ್ತದೆ. ಒಂದು ಬ್ಲೌಸಿಗೆ ಹತ್ತಾರು ಬಗೆಯ ಮಣಿ ಬೇಕು. ಕೆಲಸ ಮುಗಿದ ಮೇಲೆ ಉಳಿದದ್ದೆಲ್ಲ ಒಂದೇ ಗಂಟಿನಲ್ಲಿ ಕಲಬೆರಕೆಯಾಗಿ ವಾಪಸು ಬರುತ್ತದೆ. ಅದನ್ನು ಬಿಡಿಸಿ, ಜಾತಿವಾರು ಶೀಶೆಗೆ ತುಂಬಿ, ಮುಂದಿನ ಬ್ಲೌಸಿಗೆ ಅಳೆದು ಕೊಡುವುದು ಜೈತುನ್ಬೀ ಅವರ ಕೆಲಸ. ಬ್ಲೌಸ್ ತೊಟ್ಟವಳಿಗೆ ಹೊಲಿದವಳ ಹೆಸರೇ ಗೊತ್ತಿರುವುದಿಲ್ಲ. ಇವರ ಹೆಸರು ದೂರದ ಮಾತು.

ಕಲ್ಲು ಗಂಡ ಖಾಜಾ ತಂದದ್ದು. ಅವರು ಪಾಲಿಶ್ ಮಷಿನ್ ಮೇಲೆ ಕೆಲಸಕ್ಕಿದ್ದರು, ಕೆಮ್ಮುತ್ತಲೇ ತೀರಿಕೊಂಡರು. ಬೂದು ಬಣ್ಣದ ಆ ಕಲ್ಲಿನ ಮೇಲೆ ಬೇರೆ ಯಾವ ಬಣ್ಣವೂ ಅಡಗುವುದಿಲ್ಲ. ಶೀಶೆಗಳು ಇಂಜೆಕ್ಷನ್ ಮದ್ದಿನವು. ಪರಿಚಯದ ಕಂಪೌಂಡರ್ ಕೊಟ್ಟದ್ದನ್ನು ಕುದಿಸಿ ಒಣಗಿಸಿದ್ದಾರೆ. ರಬ್ಬರ್ ಮುಚ್ಚಳ ದಾಟಿ ಈ ಊರಿನ ಧೂಳೂ ಒಳಗೆ ಹೋಗುವುದಿಲ್ಲ. ಮೊದಲು ತಗಡಿನ ಡಬ್ಬಿಗಳಿದ್ದವು. ಅವುಗಳಲ್ಲಿ ಧೂಳು ಮಣಿಯ ತೂತಿನೊಳಗೆ ಸೇರಿ ಸೂಜಿ ಸಿಕ್ಕಿಕೊಳ್ಳುತ್ತಿತ್ತು.

ಇನ್ನೊಂದು ಪರೀಕ್ಷೆ ಹಲ್ಲಿನದು. ಸಂಶಯದ ಮಣಿಯನ್ನು ಜೈತುನ್ಬೀ ಮುಂದಿನ ಹಲ್ಲಿಗೆ ತಾಗಿಸುತ್ತಾರೆ. ತಣ್ಣಗೆ, ಟಿಕ್ ಎಂದರೆ ಗಾಜು. ಮೆತ್ತಗೆ ಅನಿಸಿದರೆ ಪ್ಲಾಸ್ಟಿಕ್. ಪ್ಲಾಸ್ಟಿಕ್ ಮಣಿ ಇಸ್ತ್ರಿ ಬಿದ್ದೊಡನೆ ಕರಗಿ ಬಟ್ಟೆಗೆ ಅಂಟುತ್ತದೆ.

ಹೋದ ಲಗ್ನದ ಸೀಸನ್ನಿನಲ್ಲಿ ಎಡವಟ್ಟಾಯಿತು. ರಾವೂರದ ಭಾಗ್ಯಜ್ಯೋತಿ ಬ್ಲೌಸಿನ ಬೆನ್ನಿಗೆ ಬಿಳಿ ನವಿಲು ಹೊಲಿಯುತ್ತಿದ್ದಳು. ಸಂಜೆ ಟ್ಯೂಬ್‌ಲೈಟಿನಲ್ಲಿ ಎಲ್ಲ ಸರಿಯಾಗಿ ಕಂಡಿತ್ತು. ಮರುದಿನ ಬಿಸಿಲಿಗೆ ಹಿಡಿದರೆ ನವಿಲಿನ ಕುತ್ತಿಗೆಗೆ ಕಾಮಾಲೆ ಹತ್ತಿದಂತಿತ್ತು. ಹಾಲುಬಿಳಿ ಮಣಿಯ ನಡುವೆ ಕೆನೆಬಿಳಿ ಮಣಿ ಸೇರಿದ್ದವು. ಕೈಬೆವರಿಗೆ ಹೀಗಾಯಿತೆಂದು ಅವಳು ಮೊದಲು ತನ್ನನ್ನೇ ಬೈದುಕೊಂಡಳಂತೆ. ಇಡೀ ನವಿಲನ್ನು ಬಿಚ್ಚಿ ಮತ್ತೆ ಹೊಲಿದಳು. ಜೈತುನ್ಬೀ ಮಣಿ ಕಳಿಸುವ ಹೈದರಾಬಾದಿನ ವ್ಯಾಪಾರಿಯನ್ನು ಬೈದರು. ರಿಹಾನ ಎರಡು ಮಣಿ ತಂದು ಕಲ್ಲಿನ ಮೇಲಿಟ್ಟು, ಯಾವುದು ಯಾವುದು ಎಂದು ಅತ್ತೆಯನ್ನು ಕೇಳಿದಳು.

"ಎರಡೂ ಒಂದೇ ಅಂದೆ. ಅಂದ ಮ್ಯಾಲ ಅಕಿ ಮುಖ ನೋಡ್ದೆ. ಆಗ ತಿಳೀತು, ವ್ಯಾಪಾರಿದು ತಪ್ಪಲ್ಲ, ನನ್ನ ಕಣ್ಣಿಂದು."

ಕಣ್ಣಿನಲ್ಲಿ ಪೊರೆ ಬಂದಿತ್ತು. ಪೊರೆ ಬಂದವರಿಗೆ ಬಿಳಿಯೂ ಹಳದಿಯಾಗಿಯೇ ಕಾಣುತ್ತದೆ. ವಿಷಯ ಅಂಗಡಿಗೆ ಮುಟ್ಟಿತು. ಅಲ್ಮಾಸ್ ಕೆಟ್ಟ ಹೆಂಗಸಲ್ಲ, ಆದರೆ ಅಂಗಡಿ ನಡೆಸಬೇಕು. ಇನ್ನು ಮುಂದೆ ಅವರವರಿಗೆ ಹೊಸ ಪ್ಯಾಕೆಟ್ಟೇ ಕೊಡೋಣ, ಉಳಿದದ್ದು ಹಾಳಾದರೆ ಆಗಲಿ, ಜೈತುನ್ ಖಾಲಾ ಆರಾಮಾಗಿರಲಿ ಎಂದರು. ಜೈತುನ್ಬೀ ಅವರಿಗೆ ಬೇಡವಾಗಿದ್ದದ್ದು ಆ ಆರಾಮ. ಬರುವ ಸೀಸನ್‌ವರೆಗೆ ನೋಡೋಣ, ಸೊಸೆ ಕೂಡ ಕೂರಲಿ ಎಂಬಲ್ಲಿಗೆ ಮಾತು ನಿಂತಿತು.

ಆಪರೇಷನ್ನಿಗೆ ಮಾತ್ರ ಅವರು ಒಪ್ಪಲಿಲ್ಲ. ಕಲಬುರಗಿಯ ಕಣ್ಣಿನ ಶಿಬಿರವನ್ನು ಒಮ್ಮೆ ಜ್ವರದ ನೆಪದಲ್ಲಿ, ಇನ್ನೊಮ್ಮೆ ರಮಜಾನಿನ ನೆಪದಲ್ಲಿ ತಪ್ಪಿಸಿದರು. ನಿಜವಾದ ಕಾರಣವನ್ನು ರಿಹಾನ ಹೇಳುತ್ತಾಳೆ: "ಕಣ್ಣಿಂದು ಅಂಜಿಕಿ ಅಲ್ರಿ ಇವ್ರಿಗೆ. ಪಟ್ಟಿ ಕಟ್ಕೊಂಡು ಮಲಗಿದ್ರ ನಾ ಶೀಶಿ ಎಲ್ಲಾ ಕಲಸಿ ಖಿಚಡಿ ಮಾಡ್ತೀನಂತ."

ಆ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ರಿಹಾನಳ ಕಣ್ಣು ಚುರುಕು, ಆದರೆ ಬಣ್ಣ ಒಂದೇ ಇದ್ದರೆ ಸಾಕು, ಗಾಜನ್ನೂ ಪ್ಲಾಸ್ಟಿಕ್ಕನ್ನೂ ಒಟ್ಟಿಗೇ ತುಂಬುತ್ತಿದ್ದಳು. ಕಳೆದ ತಿಂಗಳು ಹಾಗೆ ತುಂಬಿದ ಹಸಿರು ಶೀಶೆಯೊಂದು ಸೇಡಂಗೆ ಹೊರಟಿತ್ತು. ಜೈತುನ್ಬೀ ಅದನ್ನು ತಡೆದು, ಒಂದು ಮಣಿ ಹಲ್ಲಿಗೆ ತಾಗಿಸಿ, ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡು ಎಂದರು. ಚಿಂದಿಯ ಮೇಲೆ ಅದೇ ಮಣಿ ಇಟ್ಟು ಒತ್ತಿದರು. ಹಸಿರು ಕಲೆ ಉಳಿಯಿತು.

ಬೈಗುಳ ಬರಬಹುದೆಂದು ರಿಹಾನ ಕಾದಿದ್ದಳು, ಬರಲಿಲ್ಲ. ಆಕೆಯೇ ಮುಂದೆ ಬಂದು ಹಲ್ಲಿನ ಪರೀಕ್ಷೆ ಕಲಿಸಿ ಎಂದು ಕೇಳಿದಳು. ಮೊದಮೊದಲು ನಾಲ್ಕೈದು ಮಣಿ ನುಂಗಿದ್ದೂ ಹೌದು. "ಹೊಟ್ಟ್ಯಾಗ ಒಂದು ಬ್ಲೌಸಿನ ಸಾಮಾನ ಅದ ಈಕಿದು," ಎಂದು ಅತ್ತೆ ಈಗಲೂ ಕಾಡಿಸುತ್ತಾರೆ.

ಈಗ ಬಿಳಿ ಶೀಶೆಗಳೆಲ್ಲ ರಿಹಾನಳ ಬದಿಗಿವೆ. ಅವಳು ಬಣ್ಣ ನೋಡಿ ಎತ್ತಿಟ್ಟದ್ದನ್ನು ಜೈತುನ್ಬೀ ಹಲ್ಲಿಗೆ ತಾಗಿಸುತ್ತಾರೆ. ಅವರು ಗಾಜೆಂದು ದಾಟಿಸಿದ ಒಂದನ್ನು ಅವಳೂ ತನ್ನ ಹಲ್ಲಿಗೆ ತಾಗಿಸಿ, "ಇದು ಗಾಜಲ್ಲ ಅಮ್ಮಿ" ಎಂದು ವಾಪಸು ಕೊಡುತ್ತಾಳೆ. ಜೈತುನ್ಬೀ ಮತ್ತೆ ನೋಡಿ, ಒಪ್ಪಿ, ಪಕ್ಕಕ್ಕಿಡುತ್ತಾರೆ. ಹೀಗೆ ಸೊಸೆ ತಪ್ಪು ಹಿಡಿದ ಮೊದಲ ದಿನವೇ, ಮುಂದಿನ ಶಿಬಿರಕ್ಕೆ ಹೆಸರು ಬರೆಸು ಎಂದು ಅವರು ಹೇಳಿಬಿಟ್ಟರಂತೆ. ಹೋಗುವುದು ಬರುವ ಸೋಮವಾರ.

ಎದುರಿನ ಮನೆಯಾಚೆ ಮಷಿನ್ ಸದ್ದು ಶುರುವಾಗುತ್ತದೆ. ಇಬ್ಬರೂ ಶೀಶೆಗಳ ಬಾಯಿ ಮುಚ್ಚತೊಡಗುತ್ತಾರೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲು ಏನು ನೋಡಬೇಕೆಂದಿದೆ ಎಂದು ಕೇಳಿದರೆ ಜೈತುನ್ಬೀ ಯೋಚಿಸುವುದಿಲ್ಲ.

"ಆ ಬಿಳಿ ಶೀಶಿ, ಈ ಕೆನಿ ಶೀಶಿ. ಎರಡೂ ಕಲ್ಲಿನ ಮ್ಯಾಲ ಇಡು ಅಂತ ಹೇಳೀನಿ ಈಕಿಗೆ. ಬ್ಯಾರೆ ಬ್ಯಾರೆ ಕಂಡ್ವು ಅಂದ್ರ ಸಾಕು."

"ನನ್ನ ಮುಖ ನೋಡಂಗಿಲ್ಲೇನು?" ರಿಹಾನ ಕೇಳುತ್ತಾಳೆ.

"ನಿನ್ನ ಮುಖ ಎಲ್ಲಿ ಹೋಗ್ತದ? ಕಲ್ಲಿನ ಆ ಕಡಿನೇ ಇರ್ತದಲ್ಲ."