ಕಂಸ ಬಿಡಿಸು ಎಂದವಳು

ಮಹಾದೇವಿ, ಹತ್ತನೇ ತರಗತಿಯ ಪೂರ್ವಪರೀಕ್ಷೆಯಲ್ಲಿ ನೀನು ರಸಾಯನಶಾಸ್ತ್ರದಲ್ಲಿ ಫೇಲಾದದ್ದು ನನ್ನಿಂದ. ತಿಳಿಯದೆ ಅಲ್ಲ — ಬೇಕೆಂದೇ ನಿನಗೆ ತಪ್ಪು ಹೇಳಿಕೊಟ್ಟೆ.

ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಪೂರ್ತಿ ಆಗುವುದಿಲ್ಲ, ಸುಳ್ಳೇಕೆ ಹೇಳಲಿ. ಅಪ್ಪನ ಬ್ಯಾಂಕಿನ ವರ್ಗಾವಣೆಯಿಂದಾಗಿ ನಾನು ನಾಶಿಕದಲ್ಲೇ ಬೆಳೆದವಳು. ನಿನ್ನಪ್ಪ ಅಲ್ಲಿ ಬಟ್ಟೆ ಅಂಗಡಿ ಹಾಕಿದಾಗ, ಆ ವರ್ಷವಷ್ಟೇ, ನೀನು ಕಲಬುರ್ಗಿಯಿಂದ ಬಂದೆ. ಬಂದ ವಾರವೇ ನಮ್ಮ ಅಡುಗೆಮನೆಯಲ್ಲಿ ಕೂತು, "ನಿಮ್ ಮಗಳ ಕನ್ನಡ ಕೇಳಿದ್ರ ನಗಿ ಬರ್ತದ್ರಿ" ಎಂದೆ. ಅವ್ವ ನಕ್ಕಳು. ನೀನು ಅಂದದ್ದಲ್ಲ, ಅವ್ವ ನಕ್ಕದ್ದು — ಅದಕ್ಕೆ ನನ್ನ ಮೈಯೆಲ್ಲ ಉರಿಯಿತು.

ನಮ್ಮದು ಮರಾಠಿ ಶಾಲೆ. ನಿನಗೆ ಮರಾಠಿ ಅಷ್ಟಕ್ಕಷ್ಟೆ. ಪರೀಕ್ಷೆಗೆ ಎರಡೇ ದಿನವಿದ್ದಾಗ ಸಮೀಕರಣ ಸರಿದೂಗಿಸುವ ಪಾಠ ನಡೆಯಿತು. ಸಲ್ಫೇಟಿನಂಥ ಗುಂಪು ಎರಡೂ ಬದಿಯಲ್ಲಿ ಹಾಗೇ ಉಳಿದಿದ್ದರೆ ಅದನ್ನು ಒಡೆಯಬಾರದು, ಇಡಿಯಾಗಿಯೇ ಎಣಿಸಬೇಕು. ಟೀಚರು ಹಲಗೆಯ ಮೇಲೆ ಸಲ್ಫೇಟಿನ ಸುತ್ತ ಹಾಕಿದ್ದ ಕಂಸ, ಅಂದರೆ ಆವರಣ ಚಿಹ್ನೆ, ತೋರಿಸಿ "ಕಂಸ ತಸಾಚ್ ಸೋಡಾ" ಎಂದರು. ನೀನು ನನ್ನತ್ತ ಬಾಗಿದೆ.

"ಸೋಡಾ ಅಂದ್ರ? ಕುಡಿಯೂ ಸೋಡಾ ಏನು?"

"ಬಿಡಸೂದು," ಎಂದೆ. "ಕಂಸ ಬಿಡಸಬೇಕಂತ."

ಬಿಡಬೇಕು ಎನ್ನಬೇಕಿತ್ತು. ಇದ್ದ ಹಾಗೇ ಬಿಡಬೇಕು, ಅಷ್ಟೇ. ಒಂದು ಅಕ್ಷರ ಹೆಚ್ಚು ಸೇರಿಸಿದೆ — ನೀನು ತಲೆಯಾಡಿಸಿ ಅದನ್ನೇ ಬರೆದುಕೊಂಡೆ. ಫೇಲಾದರೆ ಶಾಲೆ ಬಿಡಿಸಿ ಸೋದರಮಾವನಿಗೆ ಕೊಡುತ್ತೇನೆಂದು ನಿನ್ನಪ್ಪ ಹೇಳಿದ್ದು ನನಗೆ ಗೊತ್ತಿತ್ತು. ನೀನೇ ಅಳುತ್ತ ಹೇಳಿದ್ದೆ.

ಪರೀಕ್ಷೆಯಲ್ಲಿ ನೀನು ಸಲ್ಫೇಟನ್ನು ಬಿಡಿಸಿ ಗಂಧಕ ಬೇರೆ, ಆಮ್ಲಜನಕ ಬೇರೆ ಬರೆದಿಟ್ಟೆ. ಮೂರು ಸಮೀಕರಣಕ್ಕೂ ಸೊನ್ನೆ. ಎರಡು ಅಂಕದಲ್ಲಿ ಹೋಯಿತು. ನಿನ್ನಪ್ಪ ಆಡಿದಂತೆಯೇ ಮಾಡಿದರು. ನಿನ್ನನ್ನು ಬಸ್ಸಿಗೆ ಹತ್ತಿಸಲು ಅವ್ವ ಹೋದಳು. ನಾನು ಹೊಟ್ಟೆನೋವೆಂದು ಮಲಗಿದ್ದೆ.

ತಿರುಗಿ ಬಂದ ಅವ್ವ ಕೇಳಿದಳು, "ಅಕಿಗಿ ಕಂಸದ್ದು ನೀ ಏನಂತ ಹೇಳಿದ್ದಿ?"

"ನಂಗೆಲ್ಲಿ ಕನ್ನಡ ಬರೋಬ್ಬರಿ ಬರ್ತದ, ಅವ್ವಾ?"

ನೀನು ಆಡಿಕೊಂಡ ಮಾತನ್ನೇ ನನ್ನ ರಕ್ಷಣೆಗೆ ಹಿಡಿದೆ. ಅವ್ವ ನಂಬಿದಳು, ತಲೆ ಸವರಿದಳು. ಆಮೇಲೆ ಎಷ್ಟೋ ಸಲ ಅವಳಿಗೆ ಹೇಳಬೇಕೆಂದುಕೊಂಡೆ — ಹೇಳಲಿಲ್ಲ.

ಇದನ್ನು ಕನ್ನಡದಲ್ಲೇ ಬರೆದು ನಿನ್ನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ತಪ್ಪುಗಳಿದ್ದರೆ ನಗು. ಆದರೆ ಬಿಡು, ಬಿಡಿಸು — ಇವೆರಡೂ ನನಗೆ ಅವತ್ತೇ ಸರಿಯಾಗಿ ಗೊತ್ತಿದ್ದವು.