ಮಧ್ಯಾಹ್ನದ ಊಟಕ್ಕೊಂದು ಲೈಸೆನ್ಸು

ಕೆಳಮನೆ ಟೀಚರ್ ಬಲಗೈ ಸೀಮೆಸುಣ್ಣಕ್ಕೆ ಒಣಗಿ ಒಣಗಿ ಬೆರಳಸಂದಿಯಲ್ಲೆಲ್ಲ ಬಿರುಕು ಬಿಟ್ಟಿತ್ತು. ಎಷ್ಟು ಕೊಬ್ಬರಿ ಎಣ್ಣೆ ಸವರಿದರೂ ಸಂಜೆ ಹೊತ್ತಿಗೆ ಮತ್ತೆ ಬೆಳ್ಳಗೆ. ಆ ಕೈಗೆ ಇನ್ನೊಂದು ಗುಣವಿತ್ತು. ದಾರಿಯಲ್ಲಿ ಗುಡಿ ಕಂಡರೆ ಸಾಕು, ಯಾರಪ್ಪಣೆಯನ್ನೂ ಕೇಳದೆ ತಾನಾಗಿಯೇ ಮೇಲೆದ್ದು, ಎರಡೂ ಕೆನ್ನೆ ಮುಟ್ಟಿ, ಎದೆ ಮುಟ್ಟಿ ಕೆಳಗಿಳಿಯುತ್ತಿತ್ತು. ಕೈಯಲ್ಲಿ ತರಕಾರಿ ಚೀಲವಿದ್ದರೆ ಚೀಲದ ಸಮೇತ. ಒಮ್ಮೆ ಗಾಂಧಿ ಬಜಾರಿನಲ್ಲಿ ಹೀಗೆ ಕೈಯೆತ್ತಿದಾಗ ಚೀಲದ ನುಗ್ಗೇಕಾಯಿ ಪಕ್ಕದಲ್ಲಿದ್ದವರ ಕಿವಿಗೆ ತಿವಿಯಿತು. "ನಮಸ್ಕಾರ ದೇವರಿಗೆ, ತಿವಿಯೋದು ನನಗಾ ತಾಯಿ?" ಎಂದರು ಪಾಪ ಆ ಮನುಷ್ಯ.

ಎನ್.ಆರ್. ಕಾಲೋನಿಯ ಆ ಮನೆಯಲ್ಲಿ ಮಹಡಿಯ ಮೇಲೆ ನಾವು ಬಾಡಿಗೆಗಿದ್ದೆವು, ಕೆಳಗೆ ಟೀಚರ್ ಮತ್ತು ಅವರ ಅತ್ತೆ. ಟೀಚರ ಯಜಮಾನರು ತೀರಿಕೊಂಡು ವರ್ಷಗಳಾಗಿದ್ದವು. ಆ ಅತ್ತೆ ಗಟ್ಟಿಯಾಗಿದ್ದ ಕಾಲದಲ್ಲಿ ಸೊಸೆಯ ಸಾರು ನೀರು, ಸೊಸೆಯ ಸೀರೆ ಅತಿ, ಸೊಸೆ ಗೇಟು ತೆಗೆಯುವ ಸದ್ದೂ ತಪ್ಪು. ಬೈಗುಳ ಮಹಡಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆಮೇಲೊಂದು ದಿನ ಲಕ್ವ ಹೊಡೆದು ಮಾತು ನಿಂತಿತು, ಎಡಭಾಗ ಬಿದ್ದುಹೋಯಿತು. ಅಂದಿನಿಂದ ಆ ಮುದುಕಿ ಬಾಯಿ ತೆರೆಯುತ್ತಿದ್ದುದು ಒಬ್ಬರ ಕೈತುತ್ತಿಗೆ ಮಾತ್ರ. ಅದೂ ಯಾರ ಕೈ? ಅದೇ ಸೊಸೆಯದು!

ಶಾಲೆ ನಮ್ಮ ರಸ್ತೆಯ ಕೊನೆಯಲ್ಲೇ ಇದ್ದಷ್ಟು ದಿನ ತೊಂದರೆಯಿರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದೊಡನೆ ಟೀಚರ್ ಓಡಿ ಬಂದು, ಅತ್ತೆಗೆ ಊಟ ಮಾಡಿಸಿ, ಓಡಿ ಹೋಗುತ್ತಿದ್ದರು. ಅಷ್ಟರಲ್ಲಿ ಹನುಮಂತನಗರದ ಆಚೆ, ಏರಿನ ಮೇಲಿನ ಶಾಲೆಗೆ ವರ್ಗವಾಯಿತು. ಬಸ್ಸನ್ನು ನಂಬಿಕೊಂಡರೆ ಒಂದು ಗಂಟೆಯ ಬಿಡುವಿನಲ್ಲಿ ಮನೆಯೂ ಸಿಗದು, ಶಾಲೆಯೂ ಸಿಗದು. ವರ್ಗ ರದ್ದು ಮಾಡಿ ಎಂದು ಬರೆದುಕೊಂಡ ಅರ್ಜಿ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಅದು ಕೊನೆಯವರೆಗೂ ಪರಿಶೀಲನೆಯಲ್ಲೇ ಇತ್ತು.

ನಾನಾಗ ಬಿ.ಎ. ಮುಗಿಸಿ, ಬೆಳಗ್ಗೆ ಟೈಪಿಂಗ್ ಕ್ಲಾಸಿಗೆ ಹೋಗಿ ಬಂದು ಮನೆಯಲ್ಲಿ ಕೂತಿದ್ದವಳು. ಹಾಗಾಗಿ ಮಧ್ಯಾಹ್ನದ ಬಟ್ಟಲು ನನ್ನ ಪಾಲಿಗೆ ಬಂತು. ಸಾರನ್ನ ಮೆತ್ತಗೆ ಕಲಸಿ ತುಟಿಗೆ ಹಿಡಿದರೆ ಮುದುಕಿ ತುಟಿ ಬಿಗಿದುಕೊಂಡು ಗೋಡೆ ನೋಡುತ್ತಿದ್ದರು. "ಅಜ್ಜಿ, ಒಂದು ತುತ್ತು." ಇಲ್ಲ. "ಅಜ್ಜಿ, ಟೀಚರೇ ಮಾಡಿಟ್ಟಿದ್ದು." ಇಲ್ಲ. ಟೀಚರ್ ಐದು ಗಂಟೆಗೆ ಬಂದು ಬಾಗಿಲು ತೆರೆಯುವ ಹೊತ್ತಿಗೆ ಅನ್ನ ತಣ್ಣಗಾಗಿ ಗಟ್ಟಿಯಾಗಿರುತ್ತಿತ್ತು. "ಹಠಮಾರಿ ಮುದುಕಿ" ಎಂದು ನಾನು ಎಷ್ಟೋ ಸಲ ಗೊಣಗಿದ್ದೇನೆ. ಟೀಚರ್ ಬಟ್ಟಲನ್ನು ನೋಡಿ, ನನ್ನನ್ನು ನೋಡಿ ಕೇಳುತ್ತಿದ್ದುದು ಒಂದೇ: "ನೀನು ಊಟ ಮಾಡಿದ್ಯಾ ಪುಟ್ಟಿ?"

ಬೇರೆ ಊರಿಗೆ ಹೊರಟ ಅವರ ತಮ್ಮ ತನ್ನ ಹಳೆಯ ಮೊಪೆಡ್ ಬಿಟ್ಟುಹೋದ. ಮೊಪೆಡ್ಡಿನಲ್ಲಾದರೆ ಶಾಲೆಯಿಂದ ಮನೆಗೆ ಹತ್ತೇ ನಿಮಿಷ. ಟೀಚರ್ ಐವತ್ತರ ಹತ್ತಿರದಲ್ಲಿದ್ದರೂ ಭಾನುವಾರಗಳಂದು ಶಾಲೆಯ ಮೈದಾನದಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಡಲು ತುಳಿದು ಕಲಿತರು. ಮೂರೇ ವಾರಕ್ಕೆ ಎಂಟರ ಆಕಾರ ಎಷ್ಟು ಅಂದವಾಗಿ ಹಾಕುತ್ತಿದ್ದರೆಂದರೆ, ಹಿಂದೆ ಓಡುತ್ತಿದ್ದ ನಾನು ನಿಂತು ಚಪ್ಪಾಳೆ ತಟ್ಟಿದ್ದೆ. ಆದರೆ ಲೈಸೆನ್ಸು ಕೈಗೆ ಬರುವ ತನಕ ಒಬ್ಬರೇ ರಸ್ತೆಗಿಳಿಯಲು ಸುತರಾಂ ಒಪ್ಪಲಿಲ್ಲ.

"ಎಷ್ಟು ಜನ ಲೈಸೆನ್ಸ್ ಇಲ್ದೆ ಓಡಿಸ್ತಿದಾರೆ ಟೀಚರ್. ನಿಮ್ಮನ್ನ ಯಾವ ಪೊಲೀಸ್ ಹಿಡೀತಾನೆ?"

"ಪೊಲೀಸ್ ಬಿಡ್ತಾನೆ ಕಣೆ. ನನ್ನ ಮೂರನೇ ಕ್ಲಾಸು ಬಿಡುತ್ತಾ? ಮೂಲೆಮೂಲೆಯಲ್ಲೂ ನಿಂತಿರ್ತವೆ."

ಪರೀಕ್ಷೆಯ ದಿನ ನಾನೂ ಜೊತೆಗೆ ಹೋದೆ. ಕೈಸನ್ನೆಗಳೆಲ್ಲ ಸರಿ, ಎಂಟೂ ಸರಿ. ಇನ್ಸ್‌ಪೆಕ್ಟರು ಮರದ ನೆರಳಲ್ಲಿ ನಿಂತು, "ಆ ತಿರುವಿನ ತನಕ ಹೋಗಿ ಬನ್ನಿ" ಎಂದರು. ತಿರುವಿನಲ್ಲೊಂದು ಪುಟ್ಟ ಗಣಪತಿ ಗುಡಿ. ನಾವಿಬ್ಬರೂ ಅದನ್ನು ಯೋಚಿಸಿರಲೇ ಇಲ್ಲ. ಮೈದಾನದಲ್ಲಿ ಗುಡಿ ಎಲ್ಲಿತ್ತು? ಟೀಚರ ಬಲಗೈ ಹ್ಯಾಂಡಲ್ ಬಿಟ್ಟು ಕೆನ್ನೆಗೆ ಹೋಯಿತು. ಅದೇ ಕೈಯಲ್ಲವೇ ಗಾಡಿಯ ವೇಗ ಹಿಡಿದಿರುವುದು? ಮೊಪೆಡ್ ಗುಟುರು ಹಾಕಿ, ಓಲಾಡಿ, ಮೋರಿಯ ಅಂಚಿನಲ್ಲಿ ನಿಂತಿತು.

"ಏನಮ್ಮಾ, ಗಾಡಿ ಓಡಿಸ್ತೀರೋ ಪೂಜೆ ಮಾಡ್ತೀರೋ?"

"ಒಂದೇ ಕ್ಷಣ ಸಾರ್, ಕೈ ಹೋಗ್ಬಿಡ್ತು."

"ಲಾರಿ ಬರೋದೂ ಆ ಒಂದೇ ಕ್ಷಣದಲ್ಲೇ. ಮುಂದಿನ ಸಲ ಬನ್ನಿ."

ಮುಂದಿನ ಸಲವೆಂದರೆ ಮತ್ತೆ ಅರ್ಜಿ, ಮತ್ತೆ ಸಾಲು, ಮತ್ತೆ ವಾರಗಟ್ಟಲೆ ಕಾಯುವುದು, ಮತ್ತೆ ಶಾಲೆಗೆ ರಜೆ. ಎರಡನೆಯ ಸಲ ಕೈ ಅರ್ಧಕ್ಕೆ ಎದ್ದು ವಾಪಸು ಬಂತು. ಇನ್ಸ್‌ಪೆಕ್ಟರು ಅದನ್ನೂ ಕಂಡರು. ನನಗೆ ಮೈಯೆಲ್ಲ ಉರಿಯಿತು. ಇಂಥ ಸಣ್ಣದೊಂದು ಅಭ್ಯಾಸ ಬಿಡಲಾಗದೇ? ಮನೆಯ ಕ್ಯಾಲೆಂಡರಿನ ಗಣಪತಿಯನ್ನು ತಂದು ಮೈದಾನದ ಕಾಂಪೌಂಡಿಗೆ ಆನಿಸಿ ನಿಲ್ಲಿಸಿದೆ. ಟೀಚರ್ ಅದರ ಮುಂದೆ ಹಾಯುವಾಗಲೆಲ್ಲ "ಕೈ! ಕೈ!" ಎಂದು ಕಿರುಚಿದೆ. "ದೇವರ ಪಟ ತಂದು ಧೂಳಲ್ಲಿ ಇಟ್ಟಿದೀಯಲ್ಲೇ ಪಾಪಿ" ಎಂದು ಬೈದುಕೊಂಡೇ ಇಪ್ಪತ್ತು ಸುತ್ತು ಹೊಡೆದರು. ಕೈ ಅಲುಗಲಿಲ್ಲ. ಗೆದ್ದೆವು ಅಂದುಕೊಂಡೆ.

ಮೂರನೆಯ ಪರೀಕ್ಷೆಯಲ್ಲಿ ತಿರುವಿನ ಹತ್ತಿರ ಟೀಚರ್ ಗಾಡಿಯನ್ನು ನೀಟಾಗಿ ಬದಿಗೆ ನಿಲ್ಲಿಸಿದರು. ಚಪ್ಪಲಿ ಕಳಚಿ, ಎರಡೂ ಕೈ ಮುಗಿದು, ಮತ್ತೆ ಚಪ್ಪಲಿ ಮೆಟ್ಟಿ ಹೊರಟು ಬಂದರು. ಇನ್ಸ್‌ಪೆಕ್ಟರು ಕಾಗದದ ಮೇಲೆ ಗೀಟು ಎಳೆದರು.

"ಕ್ಯಾಲೆಂಡರ್ ಮುಂದೆ ಸುಮ್ನಿತ್ತಲ್ಲ ನಿಮ್ಮ ಕೈ!" ಎಂದು ರಸ್ತೆಯಲ್ಲೇ ಕೂಗಾಡಿದೆ.

"ಅದು ಪಟ. ಇದು ಗುಡಿ ಕಣೆ. ಎದುರಿಗೇ ಕೂತಿದಾನೆ, ನೋಡ್ದೇ ಇದ್ದೋಳ ಹಾಗೆ ಹೆಂಗೆ ಹೋಗ್ಲಿ?"

ಗೇಟಿನ ಹತ್ತಿರ ನಿಂತಿದ್ದ ದಲ್ಲಾಳಿಯೊಬ್ಬ, "ನಂಗೆ ಬಿಡಿ ಅಮ್ಮಾ, ನೀವು ಗಾಡಿ ತರೋದೇ ಬೇಡ, ಲೈಸೆನ್ಸ್ ಮನೆಗೆ ಬರುತ್ತೆ" ಎಂದ. ನಾನು ಆಸೆಯಿಂದ ಟೀಚರ ಮುಖ ನೋಡಿದೆ. "ಕಾಪಿ ಹೊಡೀಬೇಡಿ ಅಂತ ದಿನಾ ಹೇಳೋಳಪ್ಪ ನಾನು" ಎಂದು ಅವನಿಗೇ ಸಮಾಧಾನ ಹೇಳಿ ಹೊರಟರು. ಅಂದು ಸಂಜೆ ಅತ್ತೆಗೆ ತುತ್ತಿಡುವಾಗ ಮಾತ್ರ ಅವರ ಕಣ್ಣು ತುಂಬಿತ್ತು. "ಸ್ವಲ್ಪ ತಡ್ಕೊಳ್ಳಿ ಅತ್ತೆ" ಎಂದರು. ಮುದುಕಿ ಇಳಿದುಹೋಗಿದ್ದರು. ಮಣಿಕಟ್ಟಿನ ಬಳೆ ಮೊಣಕೈ ತನಕ ಜಾರುತ್ತಿತ್ತು.

ನಾಲ್ಕನೆಯ ಸಲ ಟೀಚರ್ ನನ್ನನ್ನು ಒಂದು ಗಂಟೆ ಮೊದಲೇ ಹೊರಡಿಸಿದರು. ಗಾಡಿ ತಳ್ಳಿಕೊಂಡು ನೇರ ಆ ಗುಡಿಗೇ ಹೋದೆವು. ಗರಿಕೆ ಕೊಟ್ಟು, ಮೂರು ಸುತ್ತು ಬಂದು, ಕೆನ್ನೆ ಮುಟ್ಟಿ, ಎದೆ ಮುಟ್ಟಿ, ಗಟ್ಟಿಯಾಗಿಯೇ ಹೇಳಿದರು: "ನೋಡಪ್ಪಾ, ಆಮೇಲೆ ಮಾಡಬೇಕಾದ್ದನ್ನ ಈಗಲೇ ಮಾಡಿದೀನಿ. ಹತ್ತೂವರೆಗೆ ಈ ಕಡೆ ಬರ್ತೀನಿ. ಆಗ ನಿನ್ನ ಕಡೆ ತಿರುಗಲ್ಲ. ಬೇಜಾರು ಮಾಡ್ಕೋಬೇಡ, ಮನೇಲಿ ಅತ್ತೆ ಹಸ್ಕೊಂಡಿದಾರೆ."

ಹತ್ತೂವರೆಗೆ ಆ ಕೈ ಹ್ಯಾಂಡಲ್ ಬಿಡಲಿಲ್ಲ. ಇನ್ಸ್‌ಪೆಕ್ಟರು ಎರಡು ಸಲ ಓಡಿಸಿ ನೋಡಿ ಸಹಿ ಹಾಕಿದರು.

ಲೈಸೆನ್ಸು ಕೈಗೆ ಬಂದ ಮರುದಿನ ನಾನು ಎಂದಿನಂತೆ ಬಟ್ಟಲು ಹಿಡಿದು ಕೂತಿದ್ದೆ. ಮುದುಕಿ ಎಂದಿನಂತೆ ಗೋಡೆ ನೋಡುತ್ತಿದ್ದರು. ರಸ್ತೆಯಲ್ಲಿ ಮೊಪೆಡ್ಡಿನ ಸದ್ದು, ಆಮೇಲೆ ಅದೇ ಗೇಟಿನ ಸದ್ದು. ಮುದುಕಿ ಬಾಗಿಲ ಕಡೆ ಮುಖ ಹೊರಳಿಸಿ ಬಾಯಿ ತೆರೆದರು. ಸೊಸೆ ಇನ್ನೂ ಚಪ್ಪಲಿ ಬಿಡುತ್ತಿದ್ದರು.

ಮುಂದೆ ಒಂದು ತಿಂಗಳಿಗೆ ಅತ್ತೆ ತೀರಿಕೊಂಡರು. "ಒಂದು ತಿಂಗಳಿಗೋಸ್ಕರ ಅಷ್ಟೆಲ್ಲ ಒದ್ದಾಟ ಬೇಕಿತ್ತಾ ಟೀಚರ್?" ಎಂದು ಕೇಳಲು ಬಂದವರಿದ್ದರು. "ಬೇಕಿತ್ತು" ಎಂದಷ್ಟೇ ಹೇಳಿ ಕಾಫಿ ಕೊಟ್ಟು ಕಳಿಸಿದರು.

ಟೀಚರೂ ಈಗಿಲ್ಲ. ಅವರನ್ನು ನೆನೆದಾಗ, ವರ್ಗವಾದಂದಿನಿಂದ ಲೈಸೆನ್ಸು ಬರುವ ತನಕದ ಆ ಏಳು ತಿಂಗಳ ಬಗ್ಗೆ ನನಗಿನ್ನೂ ಸಿಟ್ಟು ಬರುತ್ತದೆ. ಆ ಇನ್ಸ್‌ಪೆಕ್ಟರ ಮೇಲೆ, ಪರಿಶೀಲನೆಯಲ್ಲೇ ಉಳಿದ ಅರ್ಜಿಯ ಮೇಲೆ, ಕೊನೆಗೆ ತುತ್ತು ಹಿಡಿದು ಗೊಣಗುತ್ತಿದ್ದ ನನ್ನ ಮೇಲೆ. ತಣ್ಣಗಾದ ಬಟ್ಟಲನ್ನು ದಿನವೂ ನೋಡಿದ ಟೀಚರ್ ಒಮ್ಮೆಯೂ ನನ್ನನ್ನು ಗದರಲಿಲ್ಲ. ಆ ಒಂದು ತಿಂಗಳು ಅತ್ತೆ ಹಸಿದಿರಲಿಲ್ಲವೆಂದು ಇಡೀ ರಸ್ತೆಗೆ ಗೊತ್ತು. ಅದಕ್ಕೂ ಹಿಂದಿನ ಮಧ್ಯಾಹ್ನಗಳನ್ನು ಬಲ್ಲವಳು ಈಗ ನಾನೊಬ್ಬಳೇ.